ಕರಗಿದ ಇಪ್ಪತ್ತೇಳು ದಿನ

ಮೆಟ್ಟಿಲು ಹದಿನೆಂಟಾದವು. ಇಪ್ಪತ್ಮೂರು ವರ್ಷದಿಂದ ದಿನಾ ಬೆಳಿಗ್ಗೆ ಹದಿನೇಳೇ ಇದ್ದವು ಇವತ್ತು ಹದಿನೆಂಟು ಹೇಗಾದವು ಎಂದು ಗೆರೆ ಸಾಹೇಬ ಸಂಗ್ರಹಾಲಯದ ಮೊದಲ ಮಹಡಿಯಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕೆಳಗಿಳಿದು ಮತ್ತೆ ಎಣಿಸುತ್ತ ಹತ್ತಿದ. ಹದಿನೇಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು ಬಂದರೆ ಮೂರನೆಯ ಸಲ ಎಣಿಸಲೇಬೇಕು ಎನ್ನುವುದು ಹೊಸದಾಗಿ ಸೇರಿದವರಿಗೆಲ್ಲ ಅವನೇ ಕಲಿಸುತ್ತ ಬಂದ ಪಾಠ. ಮೂರನೆಯ ಸಲ ಇಳಿಯುವಾಗ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ವಯಸ್ಸಾದ ಅಟೆಂಡರ್ ಪೇಪರಿನಿಂದ ತಲೆಯೆತ್ತಿ, ಏನಾದರೂ ಬೀಳಿಸಿಕೊಂಡಿರಾ ಸರ್ ಎಂದು ವಿಚಾರಿಸಿದ. ಇಲ್ಲ, ಮೊಣಕಾಲಿಗೆ ಒಳ್ಳೆಯದು ಅಂತ ಡಾಕ್ಟರು ಹತ್ತಿಳಿಯೋಕೆ ಹೇಳಿದ್ದಾರೆ ಎಂದ ಗೆರೆ ಸಾಹೇಬ. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಇಷ್ಟು ಸಣ್ಣ ವಿಷಯಕ್ಕೂ ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂತಲ್ಲ ಎಂದು ಅವನಿಗೇ ನಾಚಿಕೆಯಾಯಿತು. ಅಟೆಂಡರ್ ಮಾತ್ರ ಕನಿಕರದಿಂದ, ನಮ್ಮ ಅತ್ತೆಗೂ ಹಾಗೇ ಹೇಳಿದ್ದರು ಸರ್, ಅವರಿಗೆ ಎಂಬತ್ತಾರು, ಎಂದು ಪೇಪರಿಗೆ ಮರಳಿದ.

ಗೆರೆ ಸಾಹೇಬ ಎನ್ನುವುದು ಬೆನ್ನ ಹಿಂದಿನ ಹೆಸರು. ಕಲ್ಲಾಗಿಹೋದ ಹವಳದ ಮೇಲಿನ ಗೆರೆಗಳನ್ನು ಎಣಿಸುವುದೇ ಅವನ ಉದ್ಯೋಗವಾದ್ದರಿಂದ ಆ ಹೆಸರಿನ ಬಗ್ಗೆ ತಕರಾರು ಮಾಡುವ ಹಾಗೂ ಇರಲಿಲ್ಲ. ಹವಳದ ಜೀವಿ ದಿನಕ್ಕೊಂದರಂತೆ ಕೂದಲೆಳೆಗಿಂತ ತೆಳ್ಳನೆಯ ಸುಣ್ಣದ ಪದರ ಕಟ್ಟುತ್ತ ಹೋಗುತ್ತದೆ. ವರ್ಷ ತುಂಬಿದಲ್ಲಿ ಅದರ ಮೈ ಸ್ವಲ್ಪ ಉಬ್ಬುತ್ತದೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿನವರೆಗೆ ಎಷ್ಟು ಗೆರೆಯೋ ಆ ವರ್ಷಕ್ಕೆ ಅಷ್ಟು ದಿನ. ಮೂವತ್ತೆಂಟು ಕೋಟಿ ವರ್ಷದ ಹಿಂದೆ ಭೂಮಿ ಈಗಿನದಕ್ಕಿಂತ ಚುರುಕಾಗಿ ತಿರುಗುತ್ತಿತ್ತು, ಇಪ್ಪತ್ತೆರಡು ಗಂಟೆಗೇ ಒಂದು ದಿನ ಮುಗಿದುಹೋಗಿ ವರ್ಷಕ್ಕೆ ಹೆಚ್ಚುಕಮ್ಮಿ ನಾನ್ನೂರು ದಿನ ಆಗುತ್ತಿತ್ತು. ಚಂದ್ರನ ಸೆಳೆತಕ್ಕೆ ಉಕ್ಕಿಳಿಯುವ ಸಮುದ್ರವೇ ಅದನ್ನು ಹಿಡಿದು ಜಗ್ಗಿ ನಿಧಾನ ಮಾಡಿದ್ದು. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳಿದಾಗ ಅವಳು ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳಿಸಿಕೊಂಡು, ಹಾಗಾದ್ರೆ ನೀವು ಆ ಕಾಲದಲ್ಲಿ ಹುಟ್ಟಬೇಕಿತ್ತು ಕಣ್ರೀ, ವರ್ಷಕ್ಕೆ ಮೂವತ್ತೈದು ದಿನ ಜಾಸ್ತಿ ಇರ್ತಿತ್ತು, ಯಾವತ್ತಾದರೂ ಒಂದು ದಿನ ಬಚ್ಚಲುಮನೆ ನಲ್ಲಿ ರಿಪೇರಿ ಮಾಡಿಸ್ತಿದ್ರಿ ಎಂದಿದ್ದಳು. ನಲ್ಲಿ ಇವತ್ತಿಗೂ ಸೋರುತ್ತಿದೆ. ಬೆಳಿಗ್ಗೆ ಹಲ್ಲುಜ್ಜುತ್ತ ಅದರ ಹನಿಗಳನ್ನೂ ಎಣಿಸುತ್ತಿದ್ದವನಿಗೆ ಹೊರಗಿನಿಂದ ಅವಳು, ಏನ್ರೀ, ಒಳಗೇ ಸಂಸಾರ ಹೂಡಿದ್ರಾ ಎಂದು ಬಾಗಿಲು ತಟ್ಟಿದ್ದಳು.

ಅವಳಿಗೆ ಗೊತ್ತಿರಲಿಲ್ಲ, ಇವತ್ತು ಮರುಎಣಿಕೆ ಎಂದು. ಕೆಳಗಿನ ಅಂತಸ್ತಿನಲ್ಲಿ ಹೊಸ ಪ್ರದರ್ಶನದ ಹಾಲ್ ತಯಾರಾಗುತ್ತಿತ್ತು. ಅದರ ನಟ್ಟನಡುವೆ ಗಾಜಿನ ಪೆಟ್ಟಿಗೆಯಲ್ಲಿ ಇಡಲಿದ್ದದ್ದು ಹವಳ, ಅದು ಗೆರೆ ಸಾಹೇಬನನ್ನು ಗೆರೆ ಸಾಹೇಬನನ್ನಾಗಿ ಮಾಡಿದ ಹವಳ, ಪಕ್ಕದಲ್ಲಿ ಆಳೆತ್ತರದ ಬೋರ್ಡು. ಬೋರ್ಡಿನಲ್ಲಿ ದಿನಗಳ ಸಂಖ್ಯೆ, ಅದರಡಿ ಎಣಿಸಿದ ಇಬ್ಬರ ಹೆಸರು: ಅವನಿಗೆ ಈ ಕೆಲಸ ಕಲಿಸಿ, ನಾಲ್ಕು ವರ್ಷದ ಹಿಂದೆ ತೀರಿಕೊಂಡ ಮೇಷ್ಟ್ರದು ಒಂದು, ಅವನದು ಇನ್ನೊಂದು. ಬೋರ್ಡು ಹಾಕುವ ಮುಂಚೆ ಮೂರನೆಯವರೊಬ್ಬರು ಎಣಿಸಿ ರುಜು ಹಾಕಿಬಿಡಲಿ, ಬರೀ ಒಂದು ಶಾಸ್ತ್ರಕ್ಕೆ, ಎಂದು ನಿರ್ದೇಶಕಿ ನಗುನಗುತ್ತ ಹೇಳಿದ್ದರು. ಹವಳವಿದ್ದ ಬೀರುವಿನ ಬೀಗದ ಕೈ ಇಪ್ಪತ್ಮೂರು ವರ್ಷದಿಂದ ಗೆರೆ ಸಾಹೇಬನ ಪ್ಯಾಂಟಿನ ಜೇಬಿನಲ್ಲೇ ಇತ್ತು. ಶಾಸ್ತ್ರಕ್ಕೆ ಎಂದವರ ಮುಂದೆ ಏನೆಂದು ನೆವ ಹೇಳುವುದು? ಅವನು ನಿನ್ನೆ ಸಂಜೆ ಬೀಗ ತೆಗೆದು, ಹತ್ತಿಯಲ್ಲಿ ಸುತ್ತಿದ ಡಬ್ಬಿಯನ್ನು ಒಳಗೆ ನೋಡದೆ ಹಾಗೇ ಹೊಸ ಎಣಿಕೆಗಾರ್ತಿಯ ಕೈಗಿತ್ತಿದ್ದ. ಅವಳು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಅವನ ಮಗಳಿಗಿಂತ ಐದಾರು ವರ್ಷ ದೊಡ್ಡವಳಿದ್ದಾಳು. ಆ ಡಬ್ಬಿಯನ್ನು ಎರಡೂ ಕೈ ಚಾಚಿ, ಉಸಿರು ಬಿಗಿಹಿಡಿದು ತೆಗೆದುಕೊಂಡಿದ್ದಳು.

ಎಣಿಕೆಯ ದಿನ ಅವರ ವಿಭಾಗದಲ್ಲಿ ಯಾರೂ ಬಾಯಿಬಿಟ್ಟು ಯಾವ ಸಂಖ್ಯೆಯನ್ನೂ ಹೇಳುವಂತಿಲ್ಲ. ಮೇಷ್ಟ್ರು ಮಾಡಿಟ್ಟ ಕಟ್ಟುಪಾಡು ಅದು. ಮುನ್ನೂರರ ಆಸುಪಾಸಿನಲ್ಲಿ ಎಣಿಸುತ್ತಿರುವವನ ಕಿವಿಗೆ ನಲವತ್ತೆರಡು ಎಂಬ ಮಾತು ಬಿದ್ದರೆ ಸಾಕು, ಮುಂದಿನ ಗೆರೆ ನಲವತ್ಮೂರಾಗಿ ಅರ್ಧ ದಿನದ ದುಡಿಮೆ ನೀರಲ್ಲಿ ಹೋಮ. ಅದಕ್ಕಿಂತ ಮುಖ್ಯವಾಗಿ, ಒಂದೇ ಹವಳವನ್ನು ಇಬ್ಬರು ಬೇರೆಬೇರೆ ಎಣಿಸಬೇಕು, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ತಿಳಿಯಬಾರದು, ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿಟ್ಟು ಕೊನೆಗೆ ಒಟ್ಟಿಗೇ ಒಡೆಯಬೇಕು. ಈಗ ಹೆಬ್ಬೆರಳಲ್ಲಿ ಒತ್ತಿದರೆ ತಾನೇ ಲೆಕ್ಕವಿಡುವ ಪುಟ್ಟ ಯಂತ್ರ ಬಂದಿದೆ, ಆದರೂ ಕಟ್ಟುಪಾಡು ಹೋಗಿಲ್ಲ. ಗೋಡೆಯ ಗಡಿಯಾರವನ್ನು ಇಳಿಸಿ ಬೀರುವಿನಲ್ಲಿಡುತ್ತಾರೆ. ಎಷ್ಟು ಚಹಾ ಎಂದು ಅಟೆಂಡರ್ ಬೆರಳೆತ್ತಿ ಕೇಳುತ್ತಾನೆ, ಇವರೂ ಬೆರಳೆತ್ತಿ ಹೇಳುತ್ತಾರೆ. ಒಮ್ಮೆ ದಾರಿ ತಪ್ಪಿ ಬಂದ ಯಾರೋ ಸಭ್ಯಸ್ಥರು ಹನ್ನೆರಡನೇ ನಂಬರಿನ ಕೋಣೆ ಎಲ್ಲಿ ಎಂದು ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ ಒಳಗಿದ್ದವರೆಲ್ಲ ಅವರ ಮೇಲೆ ಹರಿಹಾಯ್ದಿದ್ದರು, ಪಾಪ, ಅವರು ಮತ್ತೆ ಆ ಕಡೆ ತಲೆಹಾಕಿರಲಿಲ್ಲ. ಈ ಮರುಎಣಿಕೆಗೆ ಮಾತ್ರ ಕಟ್ಟುಪಾಡೆಲ್ಲ ಹೆಸರಿಗಷ್ಟೇ, ಯಾಕೆಂದರೆ ಹಳೆಯ ಎರಡೂ ಸಂಖ್ಯೆಗಳು ಅಚ್ಚಾಗಿ ಎಷ್ಟೋ ಕಾಲವಾಗಿತ್ತು. ಹೊಸಬಳಿಗೆ ಅವು ಬಾಯಿಪಾಠ.

ಹನ್ನೊಂದರ ಹೊತ್ತಿಗೆ ಮರದ ತಡಿಕೆಯ ಆಚೆಯಿಂದ ಯಂತ್ರದ ಸದ್ದು ಕೇಳತೊಡಗಿತು. ಟಿಕ್. ಸ್ವಲ್ಪ ತಡೆದು ಟಿಕ್, ಟಿಕ್. ಗೆರೆ ಸಾಹೇಬ ಮುಂದೆ ಯಾವುದೋ ವರದಿ ಹರವಿಕೊಂಡು ಒಂದೇ ಸಾಲನ್ನು ತಿರುತಿರುಗಿ ಓದುತ್ತಿದ್ದ. ಆ ತಡಿಕೆಯ ಈಚೆಯೇ, ಇದೇ ಕುರ್ಚಿಯಲ್ಲೇ, ಇಪ್ಪತ್ಮೂರು ವರ್ಷದ ಹಿಂದೆ ಮೊದಲ ಎಣಿಕೆಯ ದಿನವೂ ಕೂತಿದ್ದ. ಆಚೆ ಮೇಷ್ಟ್ರು. ಯಂತ್ರವಿಲ್ಲದ ಕಾಲ, ಮೇಷ್ಟ್ರಿಗೋ ತಮ್ಮಷ್ಟಕ್ಕೆ ಗೊಣಗುವ ಚಾಳಿ. ಜಗತ್ತಿಗೆಲ್ಲ ಬಾಯಿ ಮುಚ್ಚಿಸಿದ ಮನುಷ್ಯ ಚೀಟಿಯ ಮೇಲೆ ಬರೆಯುತ್ತ ಬರೆಯುತ್ತ, ಮುನ್ನೂರ ತೊಂಬತ್ತೆಂಟು, ಭಲೆ, ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರು. ಕೇಳಿಸಿಕೊಂಡೆ ಎಂದು ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಗುರುಗಳಿಗೆ ಮುಜುಗರವಾದೀತೆಂದು ಹೇಳಲಿಲ್ಲ. ಅಥವಾ ಕೇಳಿಸಿಕೊಂಡದ್ದು ಒಂದು ಆಸರೆಯ ಹಾಗೆ ಅನ್ನಿಸಿ ಹೇಳಲಿಲ್ಲ. ಎರಡರಲ್ಲಿ ಯಾವುದು ಎಂದು ಅವನು ಇನ್ನೂ ತೀರ್ಮಾನ ಮಾಡಿಲ್ಲ. ಮಾರನೆಯ ದಿನ ಹವಳ ಅವನ ಸರದಿಗೆ ಬಂತು. ಮೇಲಿನ ಮಣ್ಣಿನ ಪೊರೆ ಹೋಗಲೆಂದು ತುಂಬ ನೀರು ಬೆರೆಸಿದ ಆಸಿಡ್ಡಿನಲ್ಲಿ ಅದನ್ನು ಮುಳುಗಿಸಿದ. ಒಂದು ನಿಮಿಷ, ಅದರ ಮೇಲೆ ಒಂದು ಕ್ಷಣವೂ ಕೂಡದು. ಆಗಲೇ ಹಜಾರದ ಫೋನು ಹೊಡೆದುಕೊಂಡದ್ದು.

ಮದುವೆಯಾಗಿ ನಾಲ್ಕು ತಿಂಗಳು. ಆಚೆಯಿಂದ ಹೆಂಡತಿ ಅಂಗಡಿಯೊಳಗಿಂದ ಮಾತಾಡುತ್ತಿದ್ದಳು: ಕಿಟಕಿಯ ಪರದೆಗೆ ತೆಳು ಹಸಿರು ತಗೊಳ್ಳಲೋ ನೀಲಿಯೋ? ಯಾವುದಾದರೇನು ಎಂದುಬಿಟ್ಟಿದ್ದರೆ ಮೂರು ಸೆಕೆಂಡಿನ ಕೆಲಸ, ಆದರೆ ಹಾಗೆಂದರೆ ಸಂಸಾರದಲ್ಲಿ ಆಸಕ್ತಿಯಿಲ್ಲ ಎನ್ನುತ್ತಾಳೆ ಎಂದು ಹೆದರಿ ಹಸಿರಿನ ಗುಣದೋಷ, ನೀಲಿಯ ಗುಣದೋಷ ಎಲ್ಲ ವಿಚಾರಿಸಿದ. ಅವಳ ದನಿಯೂ ಆಗ ಬಿಟ್ಟುಬರುವಂಥದ್ದಾಗಿರಲಿಲ್ಲ. ಕೊನೆಗೆ ನೀಲಿ ಎಂದು ಇಬ್ಬರಿಗೂ ಒಪ್ಪಿಗೆಯಾಗಿ ತೃಪ್ತಿಯಿಂದ ಸೀಟಿ ಹಾಕುತ್ತ ವಾಪಸು ಬಂದರೆ ಬಟ್ಟಲಿನಲ್ಲಿ ಬಿಳಿ ನೊರೆ. ಎತ್ತಿ ತೊಳೆದು ನೋಡಿದ: ಒಂದು ಪಕ್ಕದಲ್ಲಿ ಎಳ್ಳಿನ ಕಾಳಿನಷ್ಟು ಜಾಗ ಬರೀ ನುಣ್ಣಗೆ ಹೊಳೆಯುತ್ತಿತ್ತು. ಎಣಿಸಿದ, ಮುನ್ನೂರ ಎಪ್ಪತ್ತೊಂದು. ಮತ್ತೆ ಎಣಿಸಿದ, ಮತ್ತೆ ಅಷ್ಟೇ. ಮೂವತ್ತೆಂಟು ಕೋಟಿ ವರ್ಷ ಸಮುದ್ರ, ಕೆಸರು, ಬೆಟ್ಟದ ಭಾರ ಎಲ್ಲವನ್ನೂ ತಾಳಿಕೊಂಡು ಬಂದ ಇಪ್ಪತ್ತೇಳು ದಿನಗಳು ಪರದೆಯ ಬಣ್ಣದ ಚರ್ಚೆಯಲ್ಲಿ ಕರಗಿಹೋಗಿದ್ದವು. ಆ ಪರದೆಯಾದರೂ ಎರಡೇ ವರ್ಷಕ್ಕೆ ಬಣ್ಣಗೆಟ್ಟು ನೆಲ ಒರೆಸುವ ಬಟ್ಟೆಯಾಯಿತು.

ಚೀಟಿಯಲ್ಲಿ ಅವನು ಬರೆದದ್ದು ಮುನ್ನೂರ ತೊಂಬತ್ತೇಳು. ಮೇಷ್ಟ್ರ ಸಂಖ್ಯೆಯನ್ನೇ ಬರೆದರೆ ಅನುಮಾನ ಬಂದೀತು, ಶಿಷ್ಯನಾದವನಿಗೆ ಒಂದು ಕಮ್ಮಿ ಇದ್ದರೇ ಲಕ್ಷಣ. ಆ ಒಂದು ಕಮ್ಮಿ ಅವನ ಸ್ವಂತ ಆವಿಷ್ಕಾರ, ಇಡೀ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ ಆವಿಷ್ಕಾರ ಇನ್ನೊಂದಿಲ್ಲ. ಲಕೋಟೆ ಒಡೆದ ಮೇಷ್ಟ್ರು, ನಾನ್ನೂರರ ಹತ್ತಿರದ ಎಣಿಕೆಯಲ್ಲಿ ಒಂದೇ ಒಂದು ದಿನದ ವ್ಯತ್ಯಾಸ, ಎಂಥ ಕಣ್ಣಯ್ಯ ನಿಂದು, ಎಂದು ಅವನನ್ನು ತಬ್ಬಿಕೊಂಡುಬಿಟ್ಟರು. ತಬ್ಬಿಕೊಂಡವರ ಹೆಗಲ ಮೇಲೆ ಗಲ್ಲವೂರಿ ಸತ್ಯ ಹೇಳುವುದು ಹೇಗೆ? ಆಮೇಲೆ ಲೇಖನ ಅಚ್ಚಾಯಿತು, ದೂರದೂರದವರು ಕಾಗದ ಬರೆದರು, ಬಡ್ತಿ ಸಿಕ್ಕಿತು. ತಮಾಷೆಯೆಂದರೆ ಆ ಸಂಖ್ಯೆ ತಪ್ಪೂ ಅಲ್ಲ. ಕರಗುವ ಮುಂಚೆ ಮೇಷ್ಟ್ರು ನಿಜಕ್ಕೂ ಅಷ್ಟು ಗೆರೆ ನೋಡಿದ್ದರು, ಆ ಕಾಲದ ಬೇರೆ ಹವಳಗಳನ್ನು ಎಣಿಸಿದ ಬೇರೆಯವರಿಗೂ ನಾನ್ನೂರರ ಆಚೀಚೆಯೇ ಸಿಕ್ಕಿತ್ತು. ಭೂಮಿಯ ಮಟ್ಟಿಗೆ ಎಲ್ಲವೂ ಸರಿಯಾಗೇ ಇತ್ತು, ತಪ್ಪಿದ್ದದ್ದು ಅವನ ಮಟ್ಟಿಗೆ ಮಾತ್ರ. ಇದೇ ಮಾತಿನಿಂದ ಎಷ್ಟೋ ವರ್ಷ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬಂದಿದ್ದ. ಒಳಗಿನವನು ಒಂದು ದಿನವೂ ಒಪ್ಪಿರಲಿಲ್ಲ.

ಆಚೆ ಟಿಕ್ ನಿಂತಿತು. ಗೆರೆ ಸಾಹೇಬನ ಕೈಯಲ್ಲಿದ್ದ ಪೆನ್ನೂ ನಿಂತಿತು. ಬಂದಳು, ಆ ಜಾಗಕ್ಕೆ ಬಂದಳು. ಕುರ್ಚಿ ಕಿರುಗುಟ್ಟಿತು, ದೀಪದ ಕತ್ತು ತಿರುಗಿಸಿದ ಸದ್ದಾಯಿತು, ಮತ್ತೆ ಏನೂ ಇಲ್ಲ. ಈಗ ಎದ್ದು ಬರುತ್ತಾಳೆ, ಸರ್, ಇಲ್ಲಿ ಗೆರೆಯೇ ಇಲ್ಲವಲ್ಲ ಎನ್ನುತ್ತಾಳೆ. ಅವನು ಅಂಗಿಯ ಕಾಲರ್ ಸರಿಮಾಡಿಕೊಂಡ, ಎಂಥ ಮುಖ ಮಾಡಬೇಕು ಎಂದು ಯೋಚಿಸಿದ, ಕನ್ನಡಕ ತೆಗೆದು ಒರೆಸಿದ. ಬಹಳ ಹೊತ್ತಾಯಿತು. ಆಮೇಲೆ ಟಿಕ್ ಎಂದಿತು, ಮತ್ತೆ ಟಿಕ್, ಟಿಕ್, ಟಿಕ್, ತಡೆಯದೆ, ಒಂದೇ ಸಮನೆ, ಒಂದೇ ಅಳತೆಯಲ್ಲಿ. ಎಣಿಸಬಾರದೆಂದುಕೊಂಡರೂ ಎಣಿಸಿಬಿಟ್ಟ: ಇಪ್ಪತ್ತನಾಲ್ಕು. ಕಲ್ಲನ್ನು ನೋಡುತ್ತ ಎಣಿಸುವವರ ಹೆಬ್ಬೆರಳು ಯಾವತ್ತೂ ಹಾಗೆ ಓಡುವುದಿಲ್ಲ. ಒಂದು ಗೆರೆ ಸಿಕ್ಕುತ್ತದೆ, ಇನ್ನೊಂದು ತಪ್ಪಿಸಿಕೊಳ್ಳುತ್ತದೆ, ಮೂರನೆಯದು ಗೆರೆಯೋ ಬಿರುಕೋ ಎಂದು ಸತಾಯಿಸುತ್ತದೆ. ಇದು ಕಲ್ಲಿನಿಂದ ಕಣ್ಣು ತೆಗೆದು, ಬೇಕಾದಷ್ಟು ಒತ್ತಿದ ಸದ್ದು. ಮೊದಲು ಅವನಿಗಾದದ್ದು ಸಂತೋಷ. ಬದುಕಿದೆಯಾ ಬಡಜೀವವೇ ಎಂದು ಬೆನ್ನು ಕುರ್ಚಿಗೆ ಒರಗಿತು, ನೀರಡಿಕೆಯಾಯಿತು, ಗಟಗಟನೆ ಕುಡಿದ. ಲೋಟ ಕೆಳಗಿಡುವಾಗ, ಆ ಸಂತೋಷ ಇನ್ನೂ ಒಣಗಿರಲಿಲ್ಲ, ತನ್ನ ಬಗ್ಗೆ ಹೇಸಿಗೆಯೂ ಬಂತು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಇಬ್ಬರೂ ಎಂದಿನಂತೆ ಉದ್ದ ಮೇಜಿಗೆ ಕೂತರು. ದಿನವೂ ತನ್ನ ಅಣ್ಣನ ಪ್ರತಾಪ, ಮನೆಯೊಡತಿಯ ಬೆಕ್ಕು ಎಂದು ವಟವಟ ಎನ್ನುವವಳು ಇವತ್ತು ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದಳು. ಅಟೆಂಡರ್ ಬಂದು ಬೆರಳೆತ್ತಿದ್ದಕ್ಕೆ ತಲೆಯಾಡಿಸಿ ಬೇಡವೆಂದಳು. ಸ್ವಲ್ಪ ಹೊತ್ತಿನ ಮೇಲೆ, ಅವನ ಮುಖ ನೋಡದೆ, ಸರ್, ನೀವು ಎಣಿಸುವಾಗ ಎಲ್ಲಾದರೂ ಅನುಮಾನ ಬಂದಿತ್ತಾ ಎಂದು ಕೇಳಿದಳು. ಇದೇ ಸಮಯ ಎಂದು ಗೆರೆ ಸಾಹೇಬನಿಗೆ ಚೆನ್ನಾಗಿ ತಿಳಿಯಿತು. ಬಾಯಲ್ಲಿ ತುತ್ತಿತ್ತು; ಅದನ್ನು ನುಂಗಿ ಹೇಳೋಣವೆಂದು ನುಂಗಿದ. ನುಂಗಿದ ಮೇಲೆ ಇಲ್ಲವಲ್ಲ ಎಂಬ ಮಾತು ಹೊರಗೆ ಬಂತು. ಬರೀ ಅಷ್ಟಾಗಿದ್ದರೆ ಹೋಗಲಿ, ಒಳ್ಳೆ ಹವಳ, ಕನ್ನಡಿ ಇದ್ದ ಹಾಗಿತ್ತು ಎಂದೂ ಸೇರಿಸಿದ. ಅವಳು ತಲೆಯಾಡಿಸಿದಳು.

"ಹಾಗಾದ್ರೆ ನನ್ನ ಕಣ್ಣಿಂದೇ ತೊಂದರೆ ಸರ್," ಎಂದಳು. "ಮುಂಚಿಂದ್ಲೂ ಅನುಮಾನ ಇತ್ತು. ಈ ಕೆಲಸ ನನಗೆ ಆಗಲ್ಲವೇನೋ. ಅಣ್ಣ ಯಾವುದೋ ಶಾಲೆಯಲ್ಲಿ ಜಾಗ ಇದೆ ಅಂತಿದ್ದ, ಕೇಳಿ ನೋಡ್ತೀನಿ."

ತಮಾಷೆಗೆ ಹೇಳುವವಳ ಹಾಗೆ ನಗಲು ನೋಡಿದಳು, ಆಗಲಿಲ್ಲ. ಕೈ ತೊಳೆಯುವ ನೆವದಲ್ಲಿ ಎದ್ದು ಹೋದಳು. ಗೆರೆ ಸಾಹೇಬ ತಡಿಕೆ ದಾಟಿ ಅವಳ ಕೋಣೆಗೆ ಹೋದ. ಹೊಸ ದೀಪ, ಹೊಸ ಸೂಕ್ಷ್ಮದರ್ಶಕ. ತನ್ನ ಹಳೆಯ ಉಪಕರಣಕ್ಕೆ ಕಾಣದ್ದು ಇವಕ್ಕೆ ಕಂಡಿರಲೂಬಹುದಲ್ಲ, ಅವಳು ನೋಡಿಯೇ ಒತ್ತಿರಬಹುದಲ್ಲ ಎಂಬ ಕೊನೆಯ ಆಸೆಯೊಂದು ಅವನನ್ನು ಕುರ್ಚಿಯಲ್ಲಿ ಕೂರಿಸಿತು. ಕಣ್ಣಿಟ್ಟ. ಇಪ್ಪತ್ಮೂರು ವರ್ಷದ ಮೇಲೆ ಮುಖಾಮುಖಿ. ಒತ್ತೊತ್ತಾಗಿ, ಸಾಲುಸಾಲಾಗಿ ದಿನಗಳು, ಒಂದರ ಬೆನ್ನಿಗೆ ಒಂದು, ಪಟ್ಟನೆ ನುಣುಪು, ಏನೂ ಆಗೇ ಇಲ್ಲವೆಂಬಂತೆ ಹೊಳೆಯುವ ನುಣುಪು, ಮತ್ತೆ ದಿನಗಳು. ದೀಪವನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿದ. ಮೊದಲಿಗಿಂತ ಚೆನ್ನಾಗಿ ಕಂಡದ್ದೆಂದರೆ ಅಲ್ಲಿ ಏನೂ ಇಲ್ಲ ಎನ್ನುವುದು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಇಲ್ಲದ್ದು ಇಲ್ಲವೆಂದೇ ಕಂಡಿತ್ತು ಅದಕ್ಕೆ, ಅಚ್ಚಾದ ಲೇಖನದಲ್ಲಿ ಅವನ ಹೆಸರು ನೋಡಿ ತನ್ನ ಕಣ್ಣನ್ನೇ ನಂಬದೆ ಹೋಗಿದ್ದಳು. ತಾನು ಆವತ್ತು ಹಾಳುಮಾಡಿದ್ದು ಒಂದು ಕಲ್ಲನ್ನು, ಇವತ್ತು ಹಾಳುಮಾಡುತ್ತಿರುವುದು ಇವಳನ್ನು ಎಂದು ಅವನಿಗೆ ಅನ್ನಿಸಿತು.

ನಾಲ್ಕಕ್ಕೆ ನಿರ್ದೇಶಕಿ ಬಂದರು. ಬರುವಾಗಲೇ ಬೋರ್ಡಿನ ಅಕ್ಷರದ ನಮೂನೆ, ಗಾಜಿನವನು ಕೈಕೊಟ್ಟ ಕಥೆ, ಎರಡನ್ನೂ ಒಟ್ಟಿಗೆ ತಂದರು. ಲಕೋಟೆ ಒಡೆದು, ಮುನ್ನೂರ ತೊಂಬತ್ತಾರು ಎಂದು ಓದಿ, ನೋಡಿದ್ರಾ, ನೋಡಿದ್ರಾ, ಎಂದು ಗೆರೆ ಸಾಹೇಬನ ಕೈ ಕುಲುಕಿದರು. ತೊಂಬತ್ತಾರು. ಅವಳೂ ಒಂದು ಇಳಿಸಿದ್ದಳು. ಗುರುವಿಗಿಂತ ಒಂದು ಕಮ್ಮಿ ಅವನು, ಅವನಿಗಿಂತ ಒಂದು ಕಮ್ಮಿ ಅವಳು. ಹೀಗೇ ವಿನಯದಿಂದ ಇಳಿಯುತ್ತ ಹೋದರೆ ಇನ್ನು ಮೂವತ್ತೊಂದು ತಲೆಮಾರಿಗೆ ಮುನ್ನೂರ ಅರವತ್ತೈದು ಬಂದು, ಭೂಮಿ ಯಾವ ಕಾಲಕ್ಕೂ ಇಷ್ಟೇ ನಿಧಾನವಾಗಿತ್ತು ಎಂದು ಸಾಬೀತಾಗುತ್ತದೆ. ಅವನಿಗೆ ನಗು ಬಂತು. ನಿರ್ದೇಶಕಿ ಅದನ್ನು ಸಂತೋಷದ ನಗು ಎಂದುಕೊಂಡು ರುಜು ಹಾಕಲು ಪೆನ್ನು ಕೊಟ್ಟರು. ಹೊಸಬಳು ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಅಷ್ಟು ಕೆಂಪಾದ ಕಿವಿ ಅವನು ಒಮ್ಮೆ ನೋಡಿದ್ದ, ಮೇಷ್ಟ್ರು ತಬ್ಬಿ ಬಿಟ್ಟ ಮೇಲೆ, ಕೈತೊಳೆಯುವಲ್ಲಿನ ಕನ್ನಡಿಯಲ್ಲಿ.

ರುಜು ಹಾಕುವ ಮುಂಚೆ ಒಂದು ಸಣ್ಣ ಕೆಲಸವಿದೆ ಎಂದು ಅವನು ಮೇಜಿನ ಮೇಲಿನ ಹಾಳೆಯನ್ನು ಎರಡಾಗಿ ಹರಿದ. ಒಂದು ತುಂಡನ್ನು ಅವಳ ಮುಂದಿಟ್ಟ.

"ಕಣ್ಣಿಗೆ ಕಂಡಿದ್ದು ಎಷ್ಟೋ ಅಷ್ಟು ಮಾತ್ರ ಬರಿ ಕಣಮ್ಮ. ಆ ನುಣ್ಣನೆ ಜಾಗ ಬಿಟ್ಟು. ನಾನೂ ಬರೀತೀನಿ, ಆವತ್ತು ನನಗೆ ಕಂಡಿದ್ದು."

ಅವಳು ಬೆಚ್ಚಿ ಅವನನ್ನು ನೋಡಿದಳು. ನಿರ್ದೇಶಕಿ ಇದೇನು ಹೊಸ ಶಾಸ್ತ್ರ ಎಂದರು. ಗೆರೆ ಸಾಹೇಬ ಬೆನ್ನು ತಿರುಗಿಸಿ ನಿಂತು ಬರೆದ. ಎರಡೂ ಚೀಟಿ ನಿರ್ದೇಶಕಿಯ ಅಂಗೈಗೆ ಬಂದವು. ಅವರು ಬಿಡಿಸಿ ನೋಡಿ, ಒಂದರಲ್ಲಿ ಮುನ್ನೂರ ಎಪ್ಪತ್ತೊಂದು, ಇನ್ನೊಂದರಲ್ಲಿ ಎಪ್ಪತ್ತೆರಡು ಎಂದು ಓದಿ, ಎರಡೂ ಚೀಟಿಯನ್ನು ಮತ್ತೆ ಮತ್ತೆ ತಿರುಗಿಸಿದರು. ಒಂದು ದಿನದ ವ್ಯತ್ಯಾಸ. ಯಾರ ಗೊಣಗಾಟವನ್ನೂ ಕೇಳದೆ, ಯಾರ ಮರ್ಯಾದೆಯನ್ನೂ ಕಾಯದೆ, ಇಪ್ಪತ್ಮೂರು ವರ್ಷದ ಅಂತರದಲ್ಲಿ ಎರಡು ಜೊತೆ ಕಣ್ಣುಗಳು ಕಂಡ ಅಸಲಿ ವ್ಯತ್ಯಾಸ. ಗೆರೆ ಸಾಹೇಬ ನಿಂತುಕೊಂಡೇ ಎಲ್ಲವನ್ನೂ ಹೇಳಿದ, ಗೊಣಗಾಟ, ಆಸಿಡ್ಡು, ಫೋನು, ಪರದೆ, ಒಂದನ್ನೂ ಬಿಡದೆ. ಪರದೆಯ ಹತ್ತಿರ ನಿರ್ದೇಶಕಿಯ ತುಟಿ ಒಮ್ಮೆ ಅಲುಗಿತು, ಆದರೆ ಅವರು ನಗಲಿಲ್ಲ. ಲೇಖನವನ್ನು ತಿದ್ದಿಸಿ ನಾಳೆಯೇ ಕಾಗದ ಬರೆಯಬೇಕು, ಬೋರ್ಡಿನಿಂದ ಹೆಸರು ತೆಗೆಯಬೇಕಾಗುತ್ತದೆ, ಮೇಲಿನವರು ಏನೆನ್ನುತ್ತಾರೋ ತನಗೆ ಗೊತ್ತಿಲ್ಲ ಎಂದು ಮೆಲ್ಲಗೆ ಹೇಳಿ, ಚೀಟಿಗಳನ್ನು ಜೋಪಾನವಾಗಿ ಕೈಚೀಲಕ್ಕೆ ಹಾಕಿಕೊಂಡು ಹೋದರು. ಮೇಲೆ ಬೀಳುತ್ತದೆಂದು ಅಷ್ಟು ವರ್ಷ ಹೆದರಿದ್ದ ಚಾವಣಿ ಇದ್ದಲ್ಲೇ ಇತ್ತು. ಆದರೆ ನಾಳೆ ಬೆಳಿಗ್ಗೆ ಈ ಕಟ್ಟಡಕ್ಕೆ ಯಾವ ಮುಖ ಇಟ್ಟುಕೊಂಡು ಬರುವುದು ಎಂಬ ಭಯ ಆಗಲೇ ಶುರುವಾಗಿತ್ತು.

ಕೋಣೆಯಲ್ಲಿ ಇಬ್ಬರೇ ಉಳಿದರು. ಹೊಸಬಳು ಹವಳವನ್ನು ಹತ್ತಿಯ ಮೇಲಿಟ್ಟು, ಸುತ್ತದೆ, ಅದನ್ನೇ ನೋಡುತ್ತ ಕೂತಳು. ಅವಳು ಅಳುತ್ತಿದ್ದಾಳೆ ಎಂದು ಅವನಿಗೆ ಮೊದಲು ಗೊತ್ತಾಗಲಿಲ್ಲ.

"ನೀವು ಸುಮ್ಮನಿದ್ದಿದ್ರೆ ಸಾಕಿತ್ತು ಸರ್," ಎಂದಳು. "ನಾನು ಬಚಾವಾಗ್ತಿದ್ದೆ."

ಗೆರೆ ಸಾಹೇಬ ಅವಳ ಎದುರಿನ ಕುರ್ಚಿ ಎಳೆದು ಕೂತ.

"ನಾನೂ ಹಾಗೇ ಬಚಾವಾಗಿದ್ದು," ಎಂದ.

ಅವಳು ಮೂಗು ಒರೆಸಿಕೊಂಡು, ಯಂತ್ರವನ್ನು ಸೊನ್ನೆಗೆ ತಿರುಗಿಸಿ, ಹವಳವನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟಳು.